ಮರೆವು ಶುರುವಾಗಿದ್ದು ಯಾವಾಗ? ಅರವತ್ತು ವರ್ಷ ಹಿಂದಕ್ಕೆ ಹೋಗಿ ಹುಡುಕುವ ಸಂಶೋಧನೆ

ಮನೆಯ ಹಿರಿಯರೊಬ್ಬರಿಗೆ ಡಿಮೆನ್ಶಿಯಾ ಇದೆ ಎಂದು ಡಾಕ್ಟರು ಹೇಳಿದ ದಿನ ಮನೆಯವರೆಲ್ಲ ಹಿಂದಿನದನ್ನು ಲೆಕ್ಕ ಹಾಕಲು ಕೂರುತ್ತಾರೆ. ಇದು ಯಾವಾಗಿಂದ? ಹೋದ ವರ್ಷ ಜಾರಿ ಬಿದ್ದರಲ್ಲ, ಆಮೇಲೆಯೇ? ಕೆಲಸದಿಂದ ನಿವೃತ್ತರಾದ ಮೇಲೆಯೇ? ಜೊತೆಗಿದ್ದವರು ತೀರಿಕೊಂಡ ಮೇಲೆಯೇ? ಒಬ್ಬೊಬ್ಬರು ಒಂದೊಂದು ತಾರೀಕು ಹೇಳುತ್ತಾರೆ.

ಇದೇ ಪ್ರಶ್ನೆಯನ್ನು ಸಂಶೋಧಕರಿಗೆ ಕೇಳಿದರೆ ಅವರು ಇನ್ನೂ ಹಿಂದಕ್ಕೆ ಕೈ ತೋರಿಸುತ್ತಾರೆ. ನಲವತ್ತನೇ ವಯಸ್ಸಿನ ಬಿಪಿ. ಹತ್ತನೇ ವಯಸ್ಸಿನ ಶಾಲೆ. ಕೆಲವೊಮ್ಮೆ ಹುಟ್ಟಿದ ಊರು. ಡಿಮೆನ್ಶಿಯಾದಲ್ಲಿ 45% ತಡೆಯಬಹುದು ಎಂಬ ಸುದ್ದಿ 2024ರಿಂದ ಎಲ್ಲೆಡೆ ಓಡಾಡುತ್ತಿದೆ. ಎಂಬತ್ತರ ಕಾಯಿಲೆಗೆ ನಲವತ್ತರಲ್ಲಿ ಬೇರು ಇತ್ತು ಅಂತ ಯಾರಿಗಾದರೂ ಗೊತ್ತಾಗುವುದು ಹೇಗೆ? ಅದಕ್ಕೆ ತರಹೇವಾರಿ ಜನರನ್ನು ಯಾಕೆ ನೋಡಬೇಕು? ಆ 45% ಅಂದರೆ ಏನು? ಒಂದೊಂದಾಗಿ ಬಿಡಿಸೋಣ.

## ಮೊದಲು ಎರಡು ಪದ

ಡಿಮೆನ್ಶಿಯಾ ಒಂದೇ ಕಾಯಿಲೆಯ ಹೆಸರಲ್ಲ. ಜ್ವರ ಅಂದ ಹಾಗೆ ಅದು. ಜ್ವರಕ್ಕೆ ಹತ್ತು ಕಾರಣ ಇರಬಹುದು, ಮೈ ಸುಡುವುದು ಮಾತ್ರ ಒಂದೇ ತರಹ. ನೆನಪು, ಮಾತು, ಲೆಕ್ಕ, ದಾರಿಯ ಗುರುತು ಕುಂದುತ್ತಾ ಬಂದು, ದಿನದ ಕೆಲಸಗಳನ್ನು ಒಬ್ಬರೇ ನಿಭಾಯಿಸಲು ಆಗದ ಸ್ಥಿತಿಗೆ ಈ ಹೆಸರು. ಮರೆಗುಳಿ ಕಾಯಿಲೆ ಅಂತ ಕರೆಯುವುದು ರೂಢಿ. ಆದರೆ ಮರೆವು ಅದರ ಒಂದು ತುಣುಕು ಅಷ್ಟೆ. ಕೆಲವರಲ್ಲಿ ಮೊದಲು ಬದಲಾಗುವುದು ಸ್ವಭಾವ, ಕೆಲವರಲ್ಲಿ ಮಾತು.

ಕಾರಣಗಳಲ್ಲಿ ದೊಡ್ಡದು ಆಲ್ಝೈಮರ್ ಕಾಯಿಲೆ. ಸುಮಾರು 60ರಿಂದ 70% ಡಿಮೆನ್ಶಿಯಾದಲ್ಲಿ ಅದರ ಪಾಲಿರುತ್ತದೆ. ಇನ್ನೊಂದು, ಮಿದುಳಿನ ರಕ್ತನಾಳಗಳು ಕೆಟ್ಟು ಬರುವುದು. ವಯಸ್ಸಾದಂತೆ ಎರಡೂ ಒಟ್ಟಿಗೆ ಇರುವುದೇ ಜಾಸ್ತಿ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 2021ರಲ್ಲಿ ಜಗತ್ತಿನಲ್ಲಿ 5.7 ಕೋಟಿ ಜನರಿಗೆ ಡಿಮೆನ್ಶಿಯಾ ಇತ್ತು. ವರ್ಷಕ್ಕೆ ಹೆಚ್ಚುಕಮ್ಮಿ ಒಂದು ಕೋಟಿ ಹೊಸಬರು ಸೇರುತ್ತಾರೆ.

ಎರಡನೇ ಪದ ‘ಅಪಾಯದ ಅಂಶ’. ಇದನ್ನು ಕಾರಣ ಅಂತ ಓದಿಕೊಂಡರೆ ಎಡವಟ್ಟಾಗುತ್ತದೆ. ಒದ್ದೆ ರಸ್ತೆಯನ್ನು ನೆನೆಸಿಕೊಳ್ಳಿ. ಒದ್ದೆ ರಸ್ತೆಯಲ್ಲಿ ಗಾಡಿ ಜಾರುವುದು ಜಾಸ್ತಿ. ಹಾಗಂತ ಹೋದವರೆಲ್ಲ ಬೀಳುವುದಿಲ್ಲ, ಒಣ ರಸ್ತೆಯಲ್ಲೂ ಬೀಳುವವರಿದ್ದಾರೆ. ಬಿದ್ದ ಒಬ್ಬರನ್ನು ತೋರಿಸಿ ‘ಇವರು ಬಿದ್ದಿದ್ದು ನೀರಿನಿಂದಲೇ’ ಅಂತ ಹೇಳಲು ಬರುವುದಿಲ್ಲ. ಸಾವಿರಾರು ಜನರನ್ನು ಒಟ್ಟಿಗೆ ನೋಡಿದಾಗ ಮಾತ್ರ ನೀರಿನ ಕೈವಾಡ ಕಾಣುತ್ತದೆ.

## ಕಾಯಿಲೆ ಒಳಗೆ, ಲಕ್ಷಣ ಆಮೇಲೆ

ಆಲ್ಝೈಮರ್‌ನಲ್ಲಿ ಮಿದುಳಿನ ಕೋಶಗಳ ಸುತ್ತ ಅಮಿಲಾಯ್ಡ್ ಎಂಬ ಪ್ರೋಟೀನು ಗಂಟುಕಟ್ಟುತ್ತದೆ. ಅದು ಸೇರಲು ಶುರುವಾಗುವುದು ಲಕ್ಷಣ ಕಾಣಿಸುವ 15ರಿಂದ 20 ವರ್ಷ ಮೊದಲು. ಅಂದರೆ 75ಕ್ಕೆ ಮರೆವು ಕಂಡವರ ಮಿದುಳಿನಲ್ಲಿ 55–60ರ ಹೊತ್ತಿಗೇ ಕೆಲಸ ಶುರುವಾಗಿತ್ತು. ಆ ಹೊತ್ತಿಗೆ ಅವರು ಆರಾಮಾಗಿ ಓಡಾಡಿಕೊಂಡಿದ್ದರು.

ಇನ್ನೂ ವಿಚಿತ್ರ ಅಂದರೆ, ಇಬ್ಬರ ಮಿದುಳಿನಲ್ಲಿ ಅಷ್ಟೇ ಹಾನಿ ಇದ್ದರೂ ಒಬ್ಬರಿಗೆ ಡಿಮೆನ್ಶಿಯಾ ಬಂದು ಇನ್ನೊಬ್ಬರು ಕೊನೆಯವರೆಗೂ ಚುರುಕಾಗಿರಬಹುದು. ಹೊಳೆ ದಾಟಲು ಒಂದೇ ಸೇತುವೆ ಇರುವ ಊರಿನಲ್ಲಿ ಅದು ಮುರಿದರೆ ಊರೇ ನಿಂತುಹೋಗುತ್ತದೆ. ನಾಲ್ಕು ಸೇತುವೆ ಇದ್ದರೆ ಒಂದು ಹೋದರೂ ಜನ ಸುತ್ತು ಬಳಸಿ ದಾಟುತ್ತಾರೆ. ಮಿದುಳಿನಲ್ಲಿರುವ ಇಂಥ ಬದಲಿ ದಾರಿಗಳಿಗೆ ಸಂಶೋಧಕರು ಮಿದುಳಿನ ಮೀಸಲು ಶಕ್ತಿ ಎನ್ನುತ್ತಾರೆ. ಓದು, ತಲೆ ಓಡಿಸುವ ಕೆಲಸ, ಜನರ ಒಡನಾಟ ಅದನ್ನು ಕಟ್ಟುತ್ತವೆ ಎಂಬುದು ಈಗಿನ ತಿಳಿವಳಿಕೆ. ಕಟ್ಟುವ ಕೆಲಸ ಬಾಲ್ಯದಿಂದಲೇ ನಡೆಯುತ್ತದೆ.

ಹಾಗಾಗಿ ಎರಡು ಲೆಕ್ಕ ಬೇಕು. ಹಾನಿ ಯಾವಾಗ ಶುರುವಾಯ್ತು, ಮತ್ತು ಅದನ್ನು ತಾಳಿಕೊಳ್ಳುವ ಶಕ್ತಿ ಯಾವಾಗ ಎಷ್ಟು ಸೇರಿತು. ಎರಡಕ್ಕೂ ಇಡೀ ಬದುಕು ಬೇಕು.

## ನೆನಪು ಹೋದವರನ್ನು ಹಳೆಯದು ಕೇಳುವುದು ಹೇಗೆ?

ತೊಡಕು ಇರುವುದೇ ಇಲ್ಲಿ. ಡಿಮೆನ್ಶಿಯಾ ಬಂದವರನ್ನು ಕೂರಿಸಿಕೊಂಡು ‘ನಲವತ್ತರಲ್ಲಿ ನಿಮ್ಮ ಬಿಪಿ ಎಷ್ಟಿತ್ತು’ ಅಂತ ಕೇಳಿದರೆ ಏನು ಪ್ರಯೋಜನ? ನೆನಪು ಚೆನ್ನಾಗಿರುವವರಿಗೇ ಅದು ಹೇಳಲು ಬರುವುದಿಲ್ಲ. ಇಂದು ಇಪ್ಪತ್ತರ ವಯಸ್ಸಿನವರನ್ನು ಹಿಡಿದು ಅರವತ್ತು ವರ್ಷ ಹಿಂಬಾಲಿಸಬಹುದು ನಿಜ. ಆದರೆ ಉತ್ತರ ಬರುವ ಹೊತ್ತಿಗೆ ಕೇಳಿದವರೇ ಇರುವುದಿಲ್ಲ. ಉಳಿದ ದಾರಿ ಒಂದೇ: ಬೇರೆ ಯಾವುದೋ ಕೆಲಸಕ್ಕೆ ಯಾರೋ ಬರೆದಿಟ್ಟ ಹಳೆಯ ದಾಖಲೆ ಹುಡುಕಿ, ಅದರಲ್ಲಿರುವ ಜನರನ್ನು ಮುಪ್ಪಿನಲ್ಲಿ ಮತ್ತೆ ಕಾಣುವುದು.

ಸ್ಕಾಟ್ಲೆಂಡಿನಲ್ಲಿ ಇಂಥದ್ದೊಂದು ಸಿಕ್ಕಿತು. 1932ರ ಜೂನ್ 1ರಂದು ಅಲ್ಲಿ 1921ರಲ್ಲಿ ಹುಟ್ಟಿದ, ಶಾಲೆಯಲ್ಲಿದ್ದ ಮಕ್ಕಳೆಲ್ಲ ಒಂದೇ ದಿನ ಒಂದೇ ಬುದ್ಧಿ ಪರೀಕ್ಷೆ ಬರೆದಿದ್ದರು. ಒಟ್ಟು 87,498 ಮಕ್ಕಳು. ಆ ಅಂಕಗಳ ಪುಸ್ತಕಗಳು ದಶಕಗಟ್ಟಲೆ ಧೂಳು ತಿಂದವು. 1990ರ ದಶಕದಲ್ಲಿ ಲಾರೆನ್ಸ್ ವ್ಯಾಲಿ ಮತ್ತು ಇಯಾನ್ ಡಿಯರಿ ಅವನ್ನು ಹೊರತೆಗೆದರು. 1998ರ ಜೂನ್ 1ರಂದು, ಸರಿಯಾಗಿ 66 ವರ್ಷದ ಮೇಲೆ, ಆಬರ್ಡೀನ್‌ನಲ್ಲಿ ಬದುಕಿದ್ದವರ ಪೈಕಿ ಒಂದಷ್ಟು ಜನರನ್ನು ಕರೆದು ಅದೇ ಪರೀಕ್ಷೆ ಬರೆಸಿದರು. 11ರಲ್ಲಿ ಕಡಿಮೆ ಅಂಕ ಬಂದವರಲ್ಲಿ ಇಳಿವಯಸ್ಸಿನ ಡಿಮೆನ್ಶಿಯಾ ಸ್ವಲ್ಪ ಜಾಸ್ತಿ ಎಂದು 2000ದಲ್ಲಿ ಅವರ ತಂಡ ವರದಿ ಮಾಡಿತು. 65ಕ್ಕಿಂತ ಮೊದಲೇ ಬರುವ ಡಿಮೆನ್ಶಿಯಾಕ್ಕೆ ಆ ನಂಟು ಕಾಣಲಿಲ್ಲ.

ಇನ್ನೊಂದು ದಾಖಲೆ ಅಮೆರಿಕದ ಕ್ಯಾಲಿಫೋರ್ನಿಯಾದ್ದು. ಕೈಸರ್ ಪರ್ಮನೆಂಟೆ ಎಂಬ ಆರೋಗ್ಯ ಸಂಸ್ಥೆ 1964ರಲ್ಲಿ ಓಕ್‌ಲ್ಯಾಂಡ್ ಮತ್ತು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ತನ್ನ ಸದಸ್ಯರಿಗೆ ಒಂದು ಸಾಮೂಹಿಕ ತಪಾಸಣೆ ಶುರುಮಾಡಿತು. ಜನ ಒಂದು ಮೇಜಿನಿಂದ ಇನ್ನೊಂದಕ್ಕೆ ಸರದಿಯಲ್ಲಿ ಸಾಗಬೇಕು. ಇಲ್ಲಿ ತೂಕ, ಅಲ್ಲಿ ಬಿಪಿ, ಮುಂದೆ ರಕ್ತ, ಕಣ್ಣು, ಕಿವಿ. ಪ್ರಶ್ನೆಗಳಿಗೆ ಉತ್ತರ ಬರೆಯುವಂತಿಲ್ಲ. ಒಂದೊಂದು ಕಾರ್ಡಿನ ಮೇಲೆ ಒಂದೊಂದು ಪ್ರಶ್ನೆ, ಕಾರ್ಡಿನಲ್ಲಿ ಮೊದಲೇ ಹೊಡೆದ ತೂತುಗಳು, ಎದುರಿಗೆ ಎರಡು ಗೂಡಿನ ಪೆಟ್ಟಿಗೆ. ಉತ್ತರ ‘ಹೌದು’ ಆದರೆ ಕಾರ್ಡು ಈ ಗೂಡಿಗೆ, ‘ಇಲ್ಲ’ ಆದರೆ ಆ ಗೂಡಿಗೆ. ಆಮೇಲೆ ಯಂತ್ರ ಆ ತೂತುಗಳನ್ನು ಓದುತ್ತಿತ್ತು. ಆ ಸಾಲಿನಲ್ಲಿ ನಿಂತವರ ತಲೆಯಲ್ಲಿ ಡಿಮೆನ್ಶಿಯಾ ಎಂಬ ಪದವೇ ಇದ್ದಿರಲಾರದು.

ಈ ಕಾರ್ಡುಗಳೇ ಮುಂದೆ ಚಿನ್ನವಾದವು. ರೇಚೆಲ್ ವಿಟ್ಮರ್ ಮತ್ತು ಜೊತೆಗಾರರು 1964ರಿಂದ 1973ರ ನಡುವೆ, 40ರಿಂದ 44ರ ವಯಸ್ಸಿನಲ್ಲಿ ಈ ತಪಾಸಣೆಗೆ ಬಂದಿದ್ದ 8,845 ಜನರನ್ನು ಆರಿಸಿಕೊಂಡರು. ಅವರಲ್ಲಿ ಯಾರಿಗೆ 1994ರ ನಂತರ ಡಿಮೆನ್ಶಿಯಾ ಬಂತು ಎಂದು ನೋಡಿದರು. 721 ಜನ ಸಿಕ್ಕರು. 2005ರಲ್ಲಿ ಬಂದ ಉತ್ತರ: ನಡುವಯಸ್ಸಿನಲ್ಲಿ ಬಿಪಿ, ಸಕ್ಕರೆ ಕಾಯಿಲೆ, ಜಾಸ್ತಿ ಕೊಲೆಸ್ಟ್ರಾಲ್, ಧೂಮಪಾನ, ಈ ಪ್ರತಿಯೊಂದೂ ಅಪಾಯವನ್ನು 20ರಿಂದ 40% ಏರಿಸುತ್ತದೆ. ನಾಲ್ಕೂ ಇದ್ದವರಲ್ಲಿ ಅದು ಎರಡು ಪಟ್ಟು ದಾಟಿತ್ತು.

## ಅದೇ ಬಿಪಿ, ಬೇರೆ ವಯಸ್ಸು, ಬೇರೆ ಉತ್ತರ

‘ಬದುಕಿನುದ್ದಕ್ಕೂ’ ನೋಡಬೇಕು ಅನ್ನುವುದು ಬರೀ ಅಲಂಕಾರದ ಮಾತಲ್ಲ. ಲಂಡನ್ನಿನ ಸರ್ಕಾರಿ ನೌಕರರನ್ನು 1985ರಿಂದ ಹಿಂಬಾಲಿಸುತ್ತಿರುವ ವೈಟ್‌ಹಾಲ್ 2 ಅಧ್ಯಯನದಲ್ಲಿ, 50ನೇ ವಯಸ್ಸಿನಲ್ಲಿ ಬಿಪಿಯ ಮೇಲಿನ ಅಂಕಿ 130 ಅಥವಾ ಅದಕ್ಕಿಂತ ಜಾಸ್ತಿ ಇದ್ದವರಿಗೆ ಮುಂದೆ ಡಿಮೆನ್ಶಿಯಾ ಅಪಾಯ ಜಾಸ್ತಿ ಕಂಡಿತು. ಅದೇ ಜನರ 60 ಮತ್ತು 70ನೇ ವಯಸ್ಸಿನ ಬಿಪಿ ತೆಗೆದುಕೊಂಡರೆ ಆ ನಂಟು ಮಾಯ.

ತೂಕದ ಕಥೆ ಇನ್ನೂ ಗೊಂದಲದ್ದು. ನಡುವಯಸ್ಸಿನ ಬೊಜ್ಜು ಅಪಾಯ. ಆದರೆ ಎಂಬತ್ತರಲ್ಲಿ ನೋಡಿದರೆ ಸಣಕಲು ಇರುವವರಲ್ಲೇ ಡಿಮೆನ್ಶಿಯಾ ಜಾಸ್ತಿ. ಹಾಗಾದರೆ ಮುಪ್ಪಿನಲ್ಲಿ ದಪ್ಪಗಿರುವುದು ಒಳ್ಳೆಯದಾ? ಅಲ್ಲ. ಕಾಯಿಲೆ ಪತ್ತೆಯಾಗುವ ಎಷ್ಟೋ ವರ್ಷ ಮೊದಲೇ ತೂಕ ಇಳಿಯಲು ಶುರುವಾಗುತ್ತದೆ. ಬಿಪಿಯೂ ಹಾಗೇ ಇಳಿಯುತ್ತದೆ. ಅಂದರೆ ಕಡಿಮೆ ತೂಕದಿಂದ ಕಾಯಿಲೆ ಬಂದಿದ್ದಲ್ಲ, ಕಾಯಿಲೆಯಿಂದ ತೂಕ ಕಡಿಮೆಯಾಗಿದ್ದು. ಮುಪ್ಪಿನ ಒಂದು ಫೋಟೊ ಮಾತ್ರ ನೋಡಿದವರಿಗೆ ಯಾವುದು ಮೊದಲು, ಯಾವುದು ಆಮೇಲೆ ಅಂತ ತಿಳಿಯುವುದೇ ಇಲ್ಲ. ಈ ವಿಷಯದ ಅರ್ಧಕ್ಕರ್ಧ ತಪ್ಪು ಸುದ್ದಿಗಳು ಹುಟ್ಟುವುದು ಇಲ್ಲೇ ಅಂತ ನನ್ನ ಅನಿಸಿಕೆ.

## ಎಲ್ಲರೂ ಒಂದೇ ತರಹ ಇದ್ದರೆ ಏನು ಕಾಣುವುದಿಲ್ಲ?

ಅಮೆರಿಕದಲ್ಲಿ 678 ಕ್ರೈಸ್ತ ಸನ್ಯಾಸಿನಿಯರ ಮೇಲೆ ಡೇವಿಡ್ ಸ್ನೋಡನ್ ನಡೆಸಿದ ಅಧ್ಯಯನ ತುಂಬ ಹೆಸರಾದದ್ದು. ಇಪ್ಪತ್ತರ ಹರೆಯದಲ್ಲಿ ಮಠ ಸೇರುವಾಗ ಅವರು ತಮ್ಮ ಬಗ್ಗೆ ಒಂದು ಸಣ್ಣ ಬರಹ ಬರೆದುಕೊಟ್ಟಿದ್ದರು. ಯಾರ ವಾಕ್ಯಗಳಲ್ಲಿ ವಿಚಾರಗಳು ತೆಳುವಾಗಿದ್ದವೋ ಅವರಲ್ಲಿ ಆರು ದಶಕದ ನಂತರ ಆಲ್ಝೈಮರ್ ಜಾಸ್ತಿ ಕಂಡಿತು. ಈ ಅಧ್ಯಯನದ ಬಲ ಏನೆಂದರೆ ಎಲ್ಲರದೂ ಒಂದೇ ಊಟ, ಒಂದೇ ಸೂರು, ಒಂದೇ ದಿನಚರಿ. ಬೇರೆ ವ್ಯತ್ಯಾಸಗಳ ಗದ್ದಲ ಇಲ್ಲ.

ಅದರ ಮಿತಿಯೂ ಅದೇ. ಎಲ್ಲರದೂ ಒಂದೇ ಊಟವಾದರೆ ಊಟದ ಪರಿಣಾಮ ಎಲ್ಲಿಂದ ಕಾಣಬೇಕು? ಎಲ್ಲರಿಗೂ ವೈದ್ಯರು ಸಿಗುವುದಾದರೆ, ಸಿಗದವರ ಗತಿ ಏನು ಅಂತ ತಿಳಿಯುವುದು ಹೇಗೆ? ಡಿಮೆನ್ಶಿಯಾ ಬಗ್ಗೆ ನಮಗೆ ಗೊತ್ತಿರುವುದರಲ್ಲಿ ಬಹುಪಾಲು ಬಂದಿದ್ದು ಬಿಳಿಯ, ಓದಿಕೊಂಡ, ತಕ್ಕಮಟ್ಟಿಗೆ ಅನುಕೂಲವಂತ ಜನರಿಂದ.

ಅದರಿಂದಾಚೆ ನೋಡಿದಾಗ ಚಿತ್ರ ಬದಲಾಯಿತು. 2016ರಲ್ಲಿ ಎಲಿಜಬೆತ್ ರೋಸ್ ಮಯೇಡಾ ಮತ್ತು ತಂಡ ಅದೇ ಉತ್ತರ ಕ್ಯಾಲಿಫೋರ್ನಿಯಾದ ಕೈಸರ್ ಸದಸ್ಯರಲ್ಲಿ 64 ದಾಟಿದ 2,74,283 ಜನರ ದಾಖಲೆ ನೋಡಿತು. ವರ್ಷಕ್ಕೆ ಸಾವಿರ ಜನರಲ್ಲಿ ಹೊಸದಾಗಿ ಡಿಮೆನ್ಶಿಯಾ ಪತ್ತೆಯಾದವರು ಕಪ್ಪು ಜನರಲ್ಲಿ 26.6, ಬಿಳಿಯರಲ್ಲಿ 19.3, ಏಷ್ಯಾ ಮೂಲದವರಲ್ಲಿ 15.2. ಎಲ್ಲರಿಗೂ ಒಂದೇ ಸಂಸ್ಥೆಯ ವಿಮೆ, ಒಂದೇ ಆಸ್ಪತ್ರೆ ಜಾಲ. ಆದರೂ ಇಷ್ಟು ಅಂತರ.

ಇದನ್ನು ಓದಿದ ಕೂಡಲೇ ‘ಅದು ರಕ್ತದಲ್ಲೇ ಬಂದಿದ್ದು’ ಅನ್ನಲು ಮನಸ್ಸಾಗುತ್ತದೆ. ತಾಳಿ. ಕಪ್ಪು, ಬಿಳಿ ಎಂಬುದು ಸಮಾಜ ಅಂಟಿಸಿದ ಚೀಟಿ. ಚೀಟಿಯ ಹಿಂದೆ ಎಂಥ ಬದುಕಿತ್ತು ಅನ್ನುವುದು ಅಸಲು ಪ್ರಶ್ನೆ. ಅಮೆರಿಕದ ದಕ್ಷಿಣದ ಮಿಸಿಸಿಪಿ, ಅಲಬಾಮಾದಂಥ ಕೆಲವು ರಾಜ್ಯಗಳಲ್ಲಿ ಪಾರ್ಶ್ವವಾಯುವಿನ ಸಾವು ಮೊದಲಿಂದಲೂ ಜಾಸ್ತಿ. ಅಂಥ ರಾಜ್ಯಗಳಲ್ಲಿ ಹುಟ್ಟಿ, ಮುಂದೆ ಕ್ಯಾಲಿಫೋರ್ನಿಯಾಕ್ಕೆ ಬಂದು ನೆಲೆಸಿದವರಿಗೂ ಡಿಮೆನ್ಶಿಯಾ ಅಪಾಯ ಜಾಸ್ತಿ ಎಂದು 2017ರ ಒಂದು ಅಧ್ಯಯನ ತೋರಿಸಿತು. ಊರು ಬಿಟ್ಟು ದಶಕಗಳಾದರೂ ಹುಟ್ಟಿದ ಊರು ಅವರನ್ನು ಬಿಟ್ಟಿರಲಿಲ್ಲ.

ಶಾಲೆಯದೂ ಇದೇ ಕಥೆ. ಇಬ್ಬರೂ ಎಂಟು ವರ್ಷ ಓದಿದ್ದಾರೆ ಅಂತ ಇಟ್ಟುಕೊಳ್ಳಿ. ಕಾಗದದ ಮೇಲೆ ಸಮ. ಆದರೆ ಜನಾಂಗದ ಲೆಕ್ಕದಲ್ಲಿ ಶಾಲೆಗಳನ್ನು ಬೇರೆ ಮಾಡಿದ್ದ ಕಾಲದಲ್ಲಿ ದಕ್ಷಿಣದ ಕಪ್ಪು ಮಕ್ಕಳ ಶಾಲೆಗಳು ವರ್ಷಕ್ಕೆ ಕಡಿಮೆ ದಿನ ನಡೆಯುತ್ತಿದ್ದವು, ಪುಸ್ತಕ ಕಡಿಮೆ, ಮೇಷ್ಟ್ರು ಕಡಿಮೆ. ಜೆನಿಫರ್ ಮ್ಯಾನ್ಲಿ ಎಂಬ ಸಂಶೋಧಕಿ ಓದಿದ ವರ್ಷಗಳ ಬದಲು ಓದುವ ಸಾಮರ್ಥ್ಯವನ್ನೇ ಅಳೆದು ನೋಡಿದರು. ನೆನಪು, ಯೋಚನೆಯ ಪರೀಕ್ಷೆಗಳಲ್ಲಿ ಕಪ್ಪು ಮತ್ತು ಬಿಳಿ ಹಿರಿಯರ ನಡುವೆ ಕಾಣುತ್ತಿದ್ದ ಅಂತರ ಬಹಳಷ್ಟು ಕರಗಿತು.

ಪರೀಕ್ಷೆಯೇ ಪಕ್ಷಪಾತಿಯಾಗಿರಬಹುದು ಎಂಬ ಅನುಮಾನವೂ ಇಲ್ಲಿಂದ ಹುಟ್ಟುತ್ತದೆ. ಪರೀಕ್ಷಕರು ಒಂದಷ್ಟು ಪದ ಓದಿ ಹೇಳುತ್ತಾರೆ, ಕೇಳಿಸಿಕೊಂಡು ಒಪ್ಪಿಸಬೇಕು. ಸ್ವಲ್ಪ ಹೊತ್ತು ಬೇರೇನೋ ಮಾಡಿಸಿ ಮತ್ತೆ ಕೇಳುತ್ತಾರೆ. ಚಿತ್ರ ತೋರಿಸಿ ಹೆಸರು ಕೇಳುತ್ತಾರೆ. ಮನೆಮಾತು ಒಂದು, ಪರೀಕ್ಷೆಯ ಭಾಷೆ ಇನ್ನೊಂದು ಆದರೆ? ಚಿತ್ರದಲ್ಲಿರುವ ವಸ್ತುವನ್ನೇ ಬದುಕಿನಲ್ಲಿ ಬಳಸಿರದಿದ್ದರೆ? ಅಂಕ ಕಡಿಮೆ ಬರುತ್ತದೆ, ಮಿದುಳು ಗಟ್ಟಿಯಾಗಿಯೇ ಇರುತ್ತದೆ. ಬರೀ ಅನುವಾದ ಮಾಡಿದರೆ ಸಾಲದು, ಯಾಕೆಂದರೆ ಒಂದು ಭಾಷೆಯ ಸುಲಭ ಪದ ಇನ್ನೊಂದರಲ್ಲಿ ಕಷ್ಟದ್ದಾಗಬಹುದು. ಅದಕ್ಕೇ ಇಂಗ್ಲಿಷ್ ಮತ್ತು ಸ್ಪ್ಯಾನಿಷ್ ಎರಡರಲ್ಲೂ ಒಂದೇ ಅಳತೆಗೆ ತೂಗುವ ಪರೀಕ್ಷೆಯನ್ನು ಡ್ಯಾನ್ ಮುಂಗಸ್ ತಂಡ ಬೇರೆಯಾಗಿಯೇ ಕಟ್ಟಬೇಕಾಯಿತು.

ಜೀನ್‌ಗಳ ಪಾತ್ರ ಇಲ್ಲವೇ ಇಲ್ಲ ಅಂತಲ್ಲ. ಆಲ್ಝೈಮರ್ ಅಪಾಯ ಏರಿಸುವ ಜೀನ್‌ಗಳಲ್ಲಿ ಎಪಿಒಇ4 ಎಂಬ ರೂಪ ಮುಖ್ಯವಾದದ್ದು. ಕುತೂಹಲದ ಸಂಗತಿ ಎಂದರೆ ಅದರ ಪ್ರಭಾವವೂ ಎಲ್ಲರಲ್ಲೂ ಸಮ ಇಲ್ಲ. ಪೂರ್ವ ಏಷ್ಯಾದವರಲ್ಲಿ ಜೋರು, ಆಫ್ರಿಕಾ ಮೂಲದವರಲ್ಲಿ ದುರ್ಬಲ.

## ಎರಡೂ ದಾರಿ ಸೇರಿದ ಜಾಗ

ಬದುಕಿನುದ್ದದ ದಾಖಲೆ ಒಂದು ಕಡೆ, ತರಹೇವಾರಿ ಜನ ಇನ್ನೊಂದು ಕಡೆ. ಎರಡನ್ನೂ ಸೇರಿಸಲು ಶುರುವಾಗಿದ್ದೇ ‘ಖ್ಯಾಂಡಲ್’ ಅಧ್ಯಯನ. ಡೇವಿಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ಮತ್ತು ಕೈಸರ್ ಸಂಸ್ಥೆ ಇದನ್ನು ಒಟ್ಟಿಗೆ ನಡೆಸುತ್ತಿವೆ. 2017ಕ್ಕೆ 65 ತುಂಬಿದ್ದ ಸುಮಾರು 1,700 ಜನ. ಏಷ್ಯಾ ಮೂಲದವರು, ಕಪ್ಪು ಜನರು, ಲ್ಯಾಟಿನೋಗಳು (ಲ್ಯಾಟಿನ್ ಅಮೆರಿಕ ಮೂಲದವರು), ಬಿಳಿಯರು, ನಾಲ್ಕೂ ಗುಂಪು ಹೆಚ್ಚುಕಮ್ಮಿ ಸಮನಾಗಿ ಇರುವಂತೆ ಆರಿಸಿದ್ದಾರೆ. ಮತ್ತು ಇವರೆಲ್ಲ 1964ರಿಂದ 1985ರ ನಡುವೆ ಆ ಹಳೆಯ ತಪಾಸಣೆಗೆ ಬಂದು ಹೋಗಿದ್ದವರೇ.

ಈಗ ಇವರಿಗೆ ಆಗಾಗ ನೆನಪಿನ ಪರೀಕ್ಷೆ ಮಾಡುತ್ತಾರೆ, ಕೆಲವರಿಗೆ ಮಿದುಳಿನ ಎಂಆರ್‌ಐ, ಅಮಿಲಾಯ್ಡ್ ನೋಡುವ ಪೆಟ್ ಸ್ಕ್ಯಾನ್. ಜೊತೆಗೆ ಬಾಲ್ಯದ ಬಗ್ಗೆ, ಶಾಲೆಯ ಬಗ್ಗೆ, ಹಣದ ತಾಪತ್ರಯದ ಬಗ್ಗೆ, ಬದುಕಿನಲ್ಲಿ ಅನುಭವಿಸಿದ ಭೇದಭಾವದ ಬಗ್ಗೆ ಪ್ರಶ್ನೆಗಳು. ಕಪ್ಪು ಜನರಿಗೇ ಮೀಸಲಾದ ‘ಸ್ಟಾರ್’, 90 ದಾಟಿದವರ ‘ಲೈಫ್‌ಆಫ್ಟರ್90’ ಎಂಬ ಜೊತೆ ಅಧ್ಯಯನಗಳೂ 2018ರಿಂದ ನಡೆಯುತ್ತಿವೆ.

ಕೊರತೆಗಳಿವೆ. ಇವರೆಲ್ಲರಿಗೂ ಆರೋಗ್ಯ ವಿಮೆ ಇತ್ತು, ಇಲ್ಲದವರ ಕಥೆ ಇಲ್ಲಿ ಸಿಗುವುದಿಲ್ಲ. ಬಿಪಿಯಿಂದ 58ಕ್ಕೇ ತೀರಿಕೊಂಡವರು 65ರ ಅಧ್ಯಯನಕ್ಕೆ ಬರುವುದಿಲ್ಲ, ಬಂದವರು ಹೇಗೋ ಬಚಾವಾದ ಗಟ್ಟಿಗರು. ವಲಸೆ ಬಂದವರಲ್ಲೂ ಆರೋಗ್ಯವಂತರು, ಓದಿದವರೇ ಜಾಸ್ತಿ. ಏಷ್ಯಾ ಮೂಲದವರಲ್ಲಿ ಕಡಿಮೆ ಕಂಡಿದ್ದಕ್ಕೆ ಇದೂ ಒಂದು ಕಾರಣ ಇರಬಹುದು. ಇನ್ನು ‘ಏಷ್ಯಾದವರು’ ಎಂಬ ಒಂದೇ ಗೂಡಿಗೆ ಚೀನಾ, ಜಪಾನ್, ಫಿಲಿಪ್ಪೀನ್ಸ್, ಭಾರತದವರನ್ನೆಲ್ಲ ತುರುಕುವುದು ಎಷ್ಟು ಸರಿ, ಹೇಳಿ?

## ಆ 45% ಅಂದರೆ ಏನು?

2024ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯ ತಜ್ಞರ ಆಯೋಗ ಬದಲಾಯಿಸಬಹುದಾದ 14 ಅಪಾಯದ ಅಂಶಗಳನ್ನು ಪಟ್ಟಿ ಮಾಡಿತು. ಬಾಲ್ಯದಲ್ಲಿ ಒಂದೇ, ಓದು ಕಡಿಮೆ ಇರುವುದು. ನಡುವಯಸ್ಸಿನಲ್ಲಿ ಹತ್ತು: ಕಿವಿ ಮಂದವಾಗುವುದು, ಕೆಟ್ಟ ಕೊಲೆಸ್ಟ್ರಾಲ್, ಖಿನ್ನತೆ, ತಲೆಗೆ ಪೆಟ್ಟು, ಬಿಪಿ, ಸಕ್ಕರೆ ಕಾಯಿಲೆ, ಬೊಜ್ಜು, ಧೂಮಪಾನ, ಮಿತಿಮೀರಿದ ಕುಡಿತ, ಮೈ ಬಗ್ಗಿಸದಿರುವುದು. ಮುಪ್ಪಿನಲ್ಲಿ ಮೂರು: ಒಂಟಿತನ, ಕೆಟ್ಟ ಗಾಳಿ, ದೃಷ್ಟಿ ಕುಂದುವುದು.

ಇವೆಲ್ಲ ಜಗತ್ತಿನಿಂದಲೇ ಮಾಯವಾದರೆ ಡಿಮೆನ್ಶಿಯಾದಲ್ಲಿ ಸುಮಾರು 45% ತಪ್ಪಬಹುದು ಅಥವಾ ಮುಂದಕ್ಕೆ ಹೋಗಬಹುದು ಎಂಬುದು ಅವರ ಅಂದಾಜು. ನನ್ನ ಅಪಾಯದ 45% ನನ್ನ ಕೈಯಲ್ಲಿದೆ ಅಂತ ಇದರ ಅರ್ಥ ಅಲ್ಲ. ಇದು ಇಡೀ ಜನಸಂಖ್ಯೆಯ ಲೆಕ್ಕ. ಮತ್ತೆ ಆ ರಸ್ತೆಗೆ ಬರೋಣ. ಒಂದು ಭಯಂಕರ ತಿರುವು ಊರಲ್ಲಿ ಒಂದೇ ಕಡೆ ಇದ್ದರೆ ಒಟ್ಟು ಅಪಘಾತದಲ್ಲಿ ಅದರ ಪಾಲು ಸಣ್ಣದು. ಎಲ್ಲ ರಸ್ತೆಯಲ್ಲೂ ಚಿಕ್ಕ ಗುಂಡಿಗಳಿದ್ದರೆ ಅವುಗಳ ಪಾಲು ದೊಡ್ಡದು. ಕಿವಿ ಮಂದವಾಗುವುದಕ್ಕೆ 7% ಪಾಲು, ಬೊಜ್ಜಿಗೆ ಬರೀ 1% ಅಂತ ಇರುವುದು ಹೀಗೇ. ಎಷ್ಟು ಜನರಲ್ಲಿ ಅದಿದೆ, ಬೇರೆ ಅಂಶಗಳ ಜೊತೆ ಎಷ್ಟು ಹೆಣೆದುಕೊಂಡಿದೆ ಎಂಬುದರ ಮೇಲೆ ಪಾಲು ನಿಲ್ಲುತ್ತದೆ. ಜನ ಬದಲಾದರೆ ಪಾಲೂ ಬದಲಾಗುತ್ತದೆ.

ಅಪಾಯ ಇಳಿಯಬಲ್ಲದು ಅನ್ನುವುದಕ್ಕೆ ಪುರಾವೆ ಇದೆ. ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಪಟ್ಟಣದಲ್ಲಿ 1970ರ ದಶಕದ ಕೊನೆಯಿಂದ ಹೊಸ ಡಿಮೆನ್ಶಿಯಾ ದಶಕಕ್ಕೆ ಸುಮಾರು 20%ರಂತೆ ಇಳಿದಿದೆ. ಆದರೆ ಕನಿಷ್ಠ ಹೈಸ್ಕೂಲು ಮುಗಿಸಿದವರಲ್ಲಿ ಮಾತ್ರ.

ಇಷ್ಟಾದರೂ ನಂಟು ಕಂಡ ಮಾತ್ರಕ್ಕೆ, ಆ ಅಂಶವನ್ನು ಸರಿಪಡಿಸಿದರೆ ಕಾಯಿಲೆ ತಪ್ಪುತ್ತದೆ ಅಂತ ಆಗುವುದಿಲ್ಲ. ಅದಕ್ಕೆ ಪ್ರಯೋಗ ಮಾಡಿಯೇ ನೋಡಬೇಕು. 2023ರಲ್ಲಿ ‘ಅಚೀವ್’ ಎಂಬ ಪ್ರಯೋಗದ ಫಲಿತಾಂಶ ಬಂತು. ಕಿವಿ ಮಂದವಾಗಿದ್ದ 70ರಿಂದ 84 ವಯಸ್ಸಿನವರಲ್ಲಿ ಅರ್ಧ ಜನರಿಗೆ ಶ್ರವಣ ಸಾಧನ ಕೊಟ್ಟು, ಉಳಿದವರಿಗೆ ಆರೋಗ್ಯದ ಪಾಠ ಮಾತ್ರ ಹೇಳಿ, ಮೂರು ವರ್ಷ ಕಾದರು. ಎಲ್ಲರನ್ನೂ ಸೇರಿಸಿ ನೋಡಿದಾಗ ವ್ಯತ್ಯಾಸ ಇಲ್ಲ. ಆದರೆ ಅವರಲ್ಲಿ ಎರಡು ತರಹದವರಿದ್ದರು: ಪ್ರಯೋಗಕ್ಕೆ ಹೊಸದಾಗಿ ಬಂದ ಆರೋಗ್ಯವಂತರು, ಮತ್ತು 1980ರ ದಶಕದಿಂದಲೇ ಹೃದಯದ ಅಧ್ಯಯನವೊಂದರಲ್ಲಿದ್ದ, ವಯಸ್ಸೂ ಅಪಾಯವೂ ಜಾಸ್ತಿ ಇದ್ದ ಹಳಬರು. ಈ ಹಳಬರಲ್ಲಿ ಸಾಧನ ಹಾಕಿಕೊಂಡವರ ಯೋಚನಾಶಕ್ತಿ ಕುಂದುವ ವೇಗ 48% ಕಡಿಮೆಯಾಗಿತ್ತು. ಹೊಸಬರಲ್ಲಿ ಏನೂ ಕಾಣಲಿಲ್ಲ. ಹೊಸಬರನ್ನು ಮಾತ್ರ ನೋಡಿದ್ದರೆ ಕಿವಿಗೂ ನೆನಪಿಗೂ ಸಂಬಂಧವೇ ಇಲ್ಲ ಎಂದು ಬರೆದು ಕಡತ ಮುಚ್ಚುತ್ತಿದ್ದರು.